ಬೆಳಗಾವಿಯಲ್ಲಿ ಬಿಸಿಲಿದ್ದರೆ ಸಮುದ್ರವೂ ಶಾಂತವೇ? ಬಿರುಗಾಳಿ, ಡೈವಿಂಗ್ ಮತ್ತು ಕಡಲ ಜೀವಿಗಳ ಬಗ್ಗೆ ಎಂಟು ಮಾತುಗಳು, ಅವುಗಳ ನಿಜ

ಬೆಳಗಾವಿ, ಖಾನಾಪುರದವರಿಗೆ ಸಮುದ್ರ ದೂರವಿಲ್ಲ. ಚೋರ್ಲಾ ಘಾಟಿ ಇಳಿದರೆ ಗೋವಾ. ಅಂಬೋಲಿ ಘಾಟಿ ಇಳಿದರೆ ಮಾಲ್ವಣ, ತಾರ್ಕರ್ಲಿ. ಇನ್ನೊಂದು ದಾರಿ ಹಿಡಿದರೆ ಕಾರವಾರ, ಅದರಾಚೆ ಮುರುಡೇಶ್ವರ. ನಸುಕಿನಲ್ಲಿ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಕಡಲ ದಂಡೆಯಲ್ಲಿರಬಹುದು. ಮೊದಲೆಲ್ಲ ಅಲೆಗೆ ಕಾಲೊಡ್ಡಿ ಬರುತ್ತಿದ್ದವರು ಈಗ ಸ್ಕೂಬಾ ಡೈವಿಂಗ್, ಸ್ನಾರ್ಕೆಲಿಂಗ್, ಡಾಲ್ಫಿನ್ ನೋಡುವ ದೋಣಿ ಸವಾರಿ ಎಂದೆಲ್ಲ ಹೋಗುತ್ತಿದ್ದಾರೆ. ಅದರ ಜೊತೆಗೇ ವಾಟ್ಸ್ಆ್ಯಪ್‌ನಲ್ಲಿ ಕಡಲಿನ ಬಗ್ಗೆ ಸಲಹೆಗಳೂ ಹರಿದಾಡುತ್ತವೆ. ಕೆಲವು ಸರಿ, ಕೆಲವು ಅರ್ಧ ಸರಿ, ಕೆಲವು ಜೀವಕ್ಕೇ ಅಪಾಯ.

ಇದನ್ನು ಹಗುರವಾಗಿ ನೋಡುವಂತಿಲ್ಲ. 2017ರ ಏಪ್ರಿಲ್ 15ರಂದು ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜೊಂದರಿಂದ ಪ್ರವಾಸ ಹೋಗಿದ್ದ ತಂಡದ ಎಂಟು ಮಂದಿ ಮಾಲ್ವಣ ಸಮೀಪದ ವಾಯರಿ ಕಡಲತೀರದಲ್ಲಿ ಮುಳುಗಿ ಸತ್ತರು. ಅದು ಮಳೆಗಾಲವಾಗಿರಲಿಲ್ಲ. 2022ರ ಮೇ 24ರಂದು ತಾರ್ಕರ್ಲಿ ಬಳಿ ಸ್ಕೂಬಾ ಮುಗಿಸಿ ದಡಕ್ಕೆ ಮರಳುತ್ತಿದ್ದ ದೋಣಿ ಮಗುಚಿ ಇಬ್ಬರು ಪ್ರವಾಸಿಗರು ತೀರಿಕೊಂಡರು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಬಂದಿದ್ದ ನಾಲ್ವರು ಶಾಲಾ ಬಾಲಕಿಯರು ನೀರುಪಾಲಾದರು. ಮೂರೂ ಕಡೆ ಪ್ರಾಣ ಕಳೆದುಕೊಂಡವರು ಪ್ರವಾಸಕ್ಕೆ ಬಂದವರು.

ಈ ಲೇಖನದಲ್ಲಿ ನಾವು ಹೇಳಹೊರಟಿರುವುದು ಒಂದೇ ಮಾತು: ಕಡಲಿನ ಸ್ಥಿತಿಯನ್ನು ತಲೆಯ ಮೇಲಿನ ಆಕಾಶ ನೋಡಿ ತಿಳಿಯಲಾಗದು. ಬಿರುಗಾಳಿ ಬರುವ ಮೊದಲೇ ಅದರ ಅಲೆ ಬರುತ್ತದೆ, ಬಿರುಗಾಳಿ ಹೋದ ಮೇಲೂ ಅದರ ಪರಿಣಾಮ ಉಳಿಯುತ್ತದೆ. ಉಳಿದ ವಿವರಗಳನ್ನು ಒಂದೊಂದಾಗಿ ನೋಡೋಣ.

1. "ಬಿಸಿಲಿದೆ, ಗಾಳಿ ಇಲ್ಲ, ಹಾಗಾಗಿ ನೀರಿಗಿಳಿಯಬಹುದು"

ನಮ್ಮ ಉತ್ತರ: ತಪ್ಪು.

ದಡಕ್ಕೆ ಬರುವ ಅಲೆಗಳಲ್ಲಿ ಎರಡು ಬಗೆ. ಒಂದು, ಅಲ್ಲಿಯೇ ಬೀಸುವ ಗಾಳಿ ಎಬ್ಬಿಸುವ ಚಿಕ್ಕ ಅಲೆಗಳು. ಇವು ನಾಲ್ಕೈದು ಸೆಕೆಂಡಿಗೊಂದು ಬರುತ್ತವೆ, ಗಾಳಿ ನಿಂತರೆ ತಗ್ಗುತ್ತವೆ. ಇನ್ನೊಂದು, ನೂರಾರು ಅಥವಾ ಸಾವಿರಾರು ಕಿಲೋಮೀಟರ್ ಆಚೆ ಎದ್ದ ಬಿರುಗಾಳಿ ಕಳಿಸಿದ ಉದ್ದನೆಯ ಅಲೆಗಳು. ಇವನ್ನು ಸ್ವೆಲ್ ಎನ್ನುತ್ತಾರೆ. ಇವು 12ರಿಂದ 16 ಸೆಕೆಂಡಿಗೊಂದರಂತೆ ನಿಧಾನವಾಗಿ ಬರುತ್ತವೆ. ಆಳ ಸಮುದ್ರದಲ್ಲಿ ಇವು ಕಣ್ಣಿಗೆ ಕಾಣುವುದೇ ಕಷ್ಟ. ದಡದ ಹತ್ತಿರ ನೆಲ ಮೇಲೆದ್ದಂತೆ ಇವುಗಳ ಎತ್ತರ ಹೆಚ್ಚಿ, ಇದ್ದಕ್ಕಿದ್ದಂತೆ ಒಡೆಯುತ್ತವೆ.

14 ಸೆಕೆಂಡಿನ ಸ್ವೆಲ್‌ನ ಶಕ್ತಿ ಆಳ ನೀರಿನಲ್ಲಿ ಗಂಟೆಗೆ ಸುಮಾರು 39 ಕಿ.ಮೀ. ವೇಗದಲ್ಲಿ ಸಾಗುತ್ತದೆ. ಅಂದರೆ ದಿನಕ್ಕೆ 900 ಕಿ.ಮೀ.ಗೂ ಹೆಚ್ಚು. ಅರಬ್ಬಿ ಸಮುದ್ರದ ಮಧ್ಯದಲ್ಲಿ ಇವತ್ತು ಎದ್ದ ಚಂಡಮಾರುತದ ಅಲೆ ನಾಳೆ ಕಾರವಾರದಲ್ಲಿರಬಹುದು. ಅಷ್ಟರಲ್ಲಿ ಚಂಡಮಾರುತ ಒಮಾನ್ ಕಡೆ ತಿರುಗಿರಬಹುದು, ನಮ್ಮ ಕಡೆ ಬಿಸಿಲು ಬಿದ್ದಿರಬಹುದು. 2019ರ ಅಕ್ಟೋಬರ್‌ನಲ್ಲಿ ಬಂದ 'ಕ್ಯಾರ್' ಚಂಡಮಾರುತ ಕರ್ನಾಟಕ, ಗೋವಾದಲ್ಲಿ ನೆಲ ಮುಟ್ಟಲೇ ಇಲ್ಲ. ಆದರೂ ಈ ತೀರಗಳಿಗೆ ದೊಡ್ಡ ಅಲೆಗಳು ಅಪ್ಪಳಿಸಿದವು.

ಇದಕ್ಕಿಂತ ವಿಚಿತ್ರವಾದದ್ದು ಕೇರಳದವರು 'ಕಳ್ಳಕ್ಕಡಲ್' ಎಂದು ಕರೆಯುವ ಉಕ್ಕು. ಕನ್ನಡದಲ್ಲಿ ಹೇಳುವುದಾದರೆ ಕಳ್ಳ ಕಡಲು: ಸದ್ದಿಲ್ಲದೆ ಬಂದು ದಂಡೆ ನುಂಗುವ ಸಮುದ್ರ. ಇದರ ಮೂಲ ನಮ್ಮ ಅರಬ್ಬಿ ಸಮುದ್ರದಲ್ಲಿಲ್ಲ. ಭೂಮಿಯ ದಕ್ಷಿಣ ತುದಿಯ ಮಹಾಸಾಗರದಲ್ಲಿ ಬೀಸುವ ಬಿರುಗಾಳಿಯ ಅಲೆಗಳು ಸುಮಾರು ಒಂದು ವಾರ ಪ್ರಯಾಣ ಮಾಡಿ ಭಾರತದ ಪಶ್ಚಿಮ ತೀರ ಸೇರುತ್ತವೆ. 2012ರಲ್ಲಿ ಯುನೆಸ್ಕೋ ಈ ಹೆಸರನ್ನು ವೈಜ್ಞಾನಿಕ ಬಳಕೆಗೆ ಒಪ್ಪಿಕೊಂಡಿತು. 2024ರ ಮೇ 6ರಂದು ಕನ್ಯಾಕುಮಾರಿ ಜಿಲ್ಲೆಯ ಕಡಲತೀರವೊಂದರಲ್ಲಿ ಐವರು ವೈದ್ಯಕೀಯ ವಿದ್ಯಾರ್ಥಿಗಳು ಸತ್ತದ್ದು ಇಂಥ ಉಕ್ಕಿನ ಎಚ್ಚರಿಕೆ ಇದ್ದ ಹೊತ್ತಿನಲ್ಲೇ.

2. "ಮೇಲೆ ಅಲೆ ಇದ್ದರೂ ಕೆಳಗೆ ಶಾಂತ, ಡೈವ್ ಮಾಡುವವರಿಗೆ ತೊಂದರೆ ಇಲ್ಲ"

ನಮ್ಮ ಉತ್ತರ: ಚಿಕ್ಕ ಅಲೆಗೆ ಸ್ವಲ್ಪ ಮಟ್ಟಿಗೆ ನಿಜ, ಸ್ವೆಲ್‌ಗೆ ಸಂಪೂರ್ಣ ತಪ್ಪು.

ಒಂದು ಅಲೆಯ ತುದಿಯಿಂದ ಮುಂದಿನ ಅಲೆಯ ತುದಿಗೆ ಇರುವ ದೂರವನ್ನು ಅಲೆಯ ಉದ್ದ ಎನ್ನೋಣ. ಅಲೆಯ ಅಲ್ಲಾಟ ಈ ಉದ್ದದ ಅರ್ಧದಷ್ಟು ಆಳದವರೆಗೆ ತಲುಪುತ್ತದೆ. 5 ಸೆಕೆಂಡಿನ ಅಲೆಯ ಉದ್ದ ಸುಮಾರು 39 ಮೀಟರ್. ಹಾಗಾಗಿ 20 ಮೀಟರ್ ಕೆಳಗೆ ಅದರ ಸುಳಿವಿಲ್ಲ. 14 ಸೆಕೆಂಡಿನ ಸ್ವೆಲ್‌ನ ಉದ್ದ ಆಳ ನೀರಿನಲ್ಲಿ ಸುಮಾರು 300 ಮೀಟರ್. ಅದರ ಅಲ್ಲಾಟ 150 ಮೀಟರ್ ಆಳದವರೆಗೂ ಹೋಗುತ್ತದೆ. ನಮ್ಮ ಕರಾವಳಿಯಲ್ಲಿ ಪ್ರವಾಸಿಗರು ಡೈವ್ ಮಾಡುವ ಜಾಗಗಳೆಲ್ಲ ಇದಕ್ಕಿಂತ ಎಷ್ಟೋ ಕಡಿಮೆ ಆಳದವು.

ಒಂದೂವರೆ ಮೀಟರ್ ಎತ್ತರದ ಇಂಥ ಸ್ವೆಲ್ ಇದ್ದಾಗ 10 ಮೀಟರ್ ಆಳದಲ್ಲಿ ಏನಾಗುತ್ತದೆ? ಲೆಕ್ಕ ಹಾಕಿದರೆ ನೀರು ಸುಮಾರು 3 ಮೀಟರ್ ಮುಂದಕ್ಕೆ ಹೋಗಿ, ಮತ್ತೆ ಅಷ್ಟೇ ಹಿಂದಕ್ಕೆ ಬರುತ್ತದೆ. ಮನುಷ್ಯ ಆ ಸೆಳೆತದ ಎದುರು ಈಜಿ ಗೆಲ್ಲಲಾರ. ಪಕ್ಕದಲ್ಲಿ ಚೂಪು ಬಂಡೆ ಇದ್ದರೆ ಅದಕ್ಕೆ ಹೋಗಿ ಬಡಿಯುತ್ತಾನೆ. ದಡದಿಂದಲೇ ನಡೆದು ನೀರಿಗಿಳಿದು ಡೈವ್ ಮಾಡುವವರಿಗೆ ಇದು ಇನ್ನೂ ಕಷ್ಟ. ಬೆನ್ನಿಗೆ ಸಿಲಿಂಡರ್, ಸೊಂಟಕ್ಕೆ ತೂಕದ ಪಟ್ಟಿ ಕಟ್ಟಿಕೊಂಡು ಒಡೆಯುವ ಅಲೆಗಳ ಮಧ್ಯೆಯೇ ಎರಡು ಸಲ ಹಾದುಹೋಗಬೇಕು. ಹೋಗುವಾಗ ಮೈಯಲ್ಲಿ ಶಕ್ತಿ ಇರುತ್ತದೆ. ಬರುವಾಗ ದಣಿದಿರುತ್ತೀರಿ, ಅಷ್ಟರಲ್ಲಿ ಅಲೆ ಬೆಳೆದಿರಬಹುದು.

ಇನ್ನೊಂದು ಅಪಾಯ ಉಸಿರಿನದು. 10 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಗಿಂತ ಎರಡು ಪಟ್ಟು. ಅಲ್ಲಿ ಸಿಲಿಂಡರ್‌ನಿಂದ ಎಳೆದುಕೊಂಡ ಗಾಳಿ ಮೇಲೆ ಬಂದಾಗ ಎರಡು ಪಟ್ಟು ಹಿಗ್ಗುತ್ತದೆ. ಗಾಬರಿಯಲ್ಲಿ ಉಸಿರು ಬಿಗಿಹಿಡಿದು ಮೇಲೇರಿದರೆ ಶ್ವಾಸಕೋಶ ಹರಿಯಬಹುದು. ಸ್ಕೂಬಾದ ಮೊದಲ ಪಾಠವೇ 'ಉಸಿರು ಹಿಡಿಯಬೇಡಿ'. ಕಲಕಿದ ನೀರು ಜನ ಆ ಪಾಠ ಮರೆಯುವಂತೆ ಮಾಡುತ್ತದೆ.

3. "ನಮ್ಮೂರ ಹೊಳೆ, ಬಾವಿಯಲ್ಲಿ ಈಜಿದವರಿಗೆ ಸಮುದ್ರ ಏನು ಮಹಾ?"

ನಮ್ಮ ಉತ್ತರ: ತಪ್ಪು.

ಮಲಪ್ರಭೆಯಲ್ಲಿ ಈಜು ಕಲಿತವರು ನಿಜವಾಗಿಯೂ ಒಳ್ಳೆಯ ಈಜುಗಾರರು. ಆದರೆ ಹೊಳೆಯ ಸೆಳವು ಒಂದೇ ದಿಕ್ಕಿನದು, ಎರಡೂ ಬದಿಗೆ ದಡ ಇರುತ್ತದೆ. ಸಮುದ್ರದಲ್ಲಿ ಅಲೆಗಳು ದಡಕ್ಕೆ ತಂದು ಸುರಿದ ನೀರು ಎಲ್ಲೋ ಒಂದು ಕಡೆ ದಾರಿ ಮಾಡಿಕೊಂಡು ವಾಪಸ್ ಹೋಗಲೇಬೇಕು. ಆ ಇಕ್ಕಟ್ಟಾದ, ರಭಸದ ಹರಿವೇ ರಿಪ್ ಕರೆಂಟ್. ಅದು ಮನುಷ್ಯನನ್ನು ಕೆಳಗೆ ಎಳೆಯುವುದಿಲ್ಲ, ದಡದಿಂದ ದೂರ ಒಯ್ಯುತ್ತದೆ. ಜೋರಾದ ರಿಪ್ ಸೆಕೆಂಡಿಗೆ 2 ಮೀಟರ್‌ಗೂ ಮೀರಿ ಹರಿಯಬಲ್ಲದು. ಅದು ಒಲಿಂಪಿಕ್ ಈಜುಗಾರರ ಓಟದ ವೇಗಕ್ಕೆ ಸಮ.

ಮೋಸ ಇರುವುದು ಇಲ್ಲಿ: ರಿಪ್ ಇರುವ ಜಾಗದಲ್ಲಿ ಅಲೆ ಕಡಿಮೆ ಒಡೆಯುತ್ತದೆ. ಎರಡೂ ಬದಿಗೆ ಬಿಳಿ ನೊರೆ, ನಡುವೆ ಮಾತ್ರ ಸಮತಟ್ಟಾದ, ತುಸು ಕಪ್ಪಾದ ಅಥವಾ ಕದಡಿದ ನೀರು. ಹೊಸಬರು 'ಇಲ್ಲಿ ಶಾಂತವಾಗಿದೆ' ಎಂದು ಅಲ್ಲಿಯೇ ಇಳಿಯುತ್ತಾರೆ.

ಸಿಕ್ಕಿಬಿದ್ದರೆ ದಡದ ಕಡೆ ಎದುರೀಜಬೇಡಿ. ಬೆನ್ನ ಮೇಲೆ ತೇಲಿ, ಒಂದು ಕೈ ಎತ್ತಿ ಬೀಸಿ, ಕೂಗಿ. ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ, ನೊರೆ ಇರುವ ಕಡೆಗೆ ಈಜಿ. ಅಲ್ಲಿಂದ ಅಲೆಗಳೇ ನಿಮ್ಮನ್ನು ದಡದತ್ತ ತಳ್ಳುತ್ತವೆ. ದಡದಲ್ಲಿ ನಿಂತವರು ಬರಿಗೈಯಲ್ಲಿ ನೀರಿಗೆ ಹಾರಬಾರದು. ಒಬ್ಬರನ್ನು ಉಳಿಸಲು ಹೋಗಿ ಇನ್ನೊಬ್ಬರು ಮುಳುಗುವುದು ಮತ್ತೆ ಮತ್ತೆ ನಡೆಯುತ್ತದೆ. ಹಗ್ಗ, ಟ್ಯೂಬ್, ಮುಚ್ಚಳ ಬಿಗಿದ ಖಾಲಿ ಪ್ಲಾಸ್ಟಿಕ್ ಕ್ಯಾನ್, ತೇಲುವುದು ಏನಿದ್ದರೂ ಎಸೆಯಿರಿ. ಲೈಫ್‌ಗಾರ್ಡ್ ಕರೆಯಿರಿ, 112ಕ್ಕೆ ಫೋನ್ ಮಾಡಿ.

4. "ಮಳೆ ನಿಂತು ಒಂದು ದಿನವಾಯಿತು, ಈಗ ನೀರು ತಿಳಿಯಾಗಿರುತ್ತದೆ"

ನಮ್ಮ ಉತ್ತರ: ಹೆಚ್ಚಿನ ಸಲ ತಪ್ಪು. ಇದರಲ್ಲಿ ಖಾನಾಪುರದ ಮಳೆಯ ಪಾಲೂ ಇದೆ.

ಖಾನಾಪುರ ತಾಲೂಕಿನ ಮಳೆ ಎರಡು ಕಡಲಿಗೆ ಹಂಚಿಹೋಗುತ್ತದೆ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅದೇ ತಾಲೂಕಿನ ಭೀಮಗಡ ಕಾಡಿನ ದೇಗಾಂವ ಬಳಿ ಹುಟ್ಟುವ ಮಹದಾಯಿ ಪಶ್ಚಿಮಕ್ಕೆ ಇಳಿದು, ಗೋವಾದಲ್ಲಿ ಮಾಂಡೋವಿ ಎನಿಸಿಕೊಂಡು ಪಣಜಿಯ ಬಳಿ ಅರಬ್ಬಿ ಸಮುದ್ರ ಸೇರುತ್ತದೆ. ಹಾಗಾಗಿ ಖಾನಾಪುರದ ಕಾಡಿನಲ್ಲಿ ಜಡಿಮಳೆ ಹಿಡಿದರೆ ಅದರ ಕೆಂಪು ನೀರು ಪಣಜಿಯ ಕಡಲಿಗೂ ಹೋಗುತ್ತದೆ. ಅಲ್ಲಿ ಆಕಾಶ ತಿಳಿಯಾಗಿದ್ದರೂ ನದಿಮುಖದ ನೀರು ಕೆಸರಾಗಿರಬಹುದು. ಕಾರವಾರದಲ್ಲಿ ಕಾಳಿ ನದಿಯ ಕಥೆಯೂ ಇದೇ.

ಇಂಥ ನೀರಿನಲ್ಲಿ ಡೈವ್ ಮಾಡಿದರೆ ಕಣ್ಣಿಗೆ ಏನೂ ಕಾಣುವುದಿಲ್ಲ, ಜೊತೆಗಾರ ಎಲ್ಲಿದ್ದಾನೆಂದು ತಿಳಿಯುವುದಿಲ್ಲ. ಕೊಚ್ಚಿ ಬಂದ ಮರದ ದಿಮ್ಮಿ, ಹರಿದ ಮೀನುಬಲೆ, ಚರಂಡಿಯ ಕೊಳಕು ಎಲ್ಲವೂ ಅದರಲ್ಲಿ ಇರಬಹುದು. ಬಲೆಗೆ ಸಿಕ್ಕಿದ ಡೈವರ್‌ಗೆ ಸಿಲಿಂಡರ್‌ನಲ್ಲಿ ಉಳಿದ ಗಾಳಿಯೇ ಗಡುವು. ಜೋರು ಮಳೆಯಾದ ಮೇಲೆ ನದಿಮುಖದ ಹತ್ತಿರ ಎರಡು ಮೂರು ದಿನ ನೀರಿಗಿಳಿಯದಿರುವುದು ಒಳ್ಳೆಯದು.

5. "ಬಿರುಗಾಳಿ ಬರುವುದು ಮೀನುಗಳಿಗೆ ಮೊದಲೇ ಗೊತ್ತಾಗುತ್ತದೆ, ಮೀನು ಕಾಣುತ್ತಿದ್ದರೆ ಭಯವಿಲ್ಲ"

ನಮ್ಮ ಉತ್ತರ: ಮೊದಲ ಅರ್ಧ ಭಾಗಶಃ ನಿಜ, ಎರಡನೆಯ ಅರ್ಧ ತಪ್ಪು.

2001ರಲ್ಲಿ ಅಮೆರಿಕದ ಫ್ಲೋರಿಡಾಕ್ಕೆ 'ಗೇಬ್ರಿಯೆಲ್' ಬಿರುಗಾಳಿ ಬರುವ ಮುಂಚೆ, ಅಲ್ಲಿನ ಒಂದು ಕೊಲ್ಲಿಯಲ್ಲಿ ವಿಜ್ಞಾನಿಗಳು ಸಂಕೇತ ಕಳಿಸುವ ಸಾಧನ ಅಳವಡಿಸಿದ್ದ ಬ್ಲ್ಯಾಕ್‌ಟಿಪ್ ಶಾರ್ಕ್ ಮರಿಗಳು ಆಳ ನೀರಿನ ಕಡೆ ಹೊರಟುಹೋದವು. ಬಿರುಗಾಳಿ ಕಳೆದ ಮೇಲೆ ಮರಳಿದವು. ವಾಯುಭಾರ ಕುಸಿದದ್ದನ್ನು ಅವು ಗ್ರಹಿಸಿರಬೇಕೆಂಬುದು ಸಂಶೋಧಕರ ಅಭಿಪ್ರಾಯ. ಇದು ಕುತೂಹಲದ ವಿಷಯವೇ. ಆದರೆ ಎಲ್ಲ ಮೀನುಗಳೂ ಹೀಗೆ ಮಾಡುತ್ತವೆ ಎಂದು ಅರ್ಥವಲ್ಲ. ಬಂಡೆಯ ಸಂದಿನಲ್ಲಿ ಬದುಕುವ ಎಷ್ಟೋ ಮೀನುಗಳು ಜಾಗ ಬಿಡದೆ ಅಲ್ಲಿಯೇ ಅಡಗುತ್ತವೆ. ಮೀನಿಗೆ ಈಜುರೆಕ್ಕೆ, ಕಿವಿರು ಇವೆ, ನಮಗಿಲ್ಲ. ಹವಾಮಾನಕ್ಕೆ ಹವಾಮಾನ ಇಲಾಖೆಯನ್ನೇ ಕೇಳಬೇಕು.

6. "ದಂಡೆಯಲ್ಲಿ ಸತ್ತುಬಿದ್ದ ಜೆಲ್ಲಿ ಮೀನು ಏನೂ ಮಾಡುವುದಿಲ್ಲ; ಕುಟುಕಿದರೆ ಮೂತ್ರ ಹಚ್ಚಿ"

ನಮ್ಮ ಉತ್ತರ: ಎರಡೂ ತಪ್ಪು.

ಮಳೆಗಾಲದ ಗಾಳಿ ಸಮುದ್ರದಿಂದ ದಡದ ಕಡೆ ಬೀಸುತ್ತದೆ. ಅದರ ಜೊತೆಗೆ ಗೋವಾ, ಮುಂಬೈ ತೀರಗಳಿಗೆ ನೀಲಿ ಬಲೂನಿನಂಥ ಜೀವಿಗಳು ಬಂದು ಬೀಳುತ್ತವೆ. ಇವನ್ನು ಬ್ಲೂಬಾಟಲ್ ಅಥವಾ ಪೋರ್ಚುಗೀಸ್ ಮ್ಯಾನ್ ಆಫ್ ವಾರ್ ಎನ್ನುತ್ತಾರೆ. ಇದು ನಿಜವಾದ ಜೆಲ್ಲಿ ಮೀನಲ್ಲ. ತೇಲುವ, ಬೇಟೆಯಾಡುವ, ಅರಗಿಸಿಕೊಳ್ಳುವ, ಮರಿ ಮಾಡುವ ಕೆಲಸಗಳನ್ನು ಹಂಚಿಕೊಂಡ ಚಿಕ್ಕ ಜೀವಿಗಳ ಒಂದು ಸಂಸಾರ. ಇದಕ್ಕೆ ಈಜಲು ಬಾರದು. ಮೇಲಿನ ಗಾಳಿಚೀಲವೇ ಹಾಯಿಯಂತೆ ಕೆಲಸ ಮಾಡಿ, ಗಾಳಿ ಬೀಸಿದ ಕಡೆ ಸಾಗುತ್ತದೆ.

ಇದರ ಉದ್ದನೆಯ ಎಳೆಗಳಲ್ಲಿ ವಿಷದ ಕೋಶಗಳಿವೆ. ಜೀವಿ ಸತ್ತು ಮರಳಲ್ಲಿ ಒಣಗುತ್ತಿದ್ದರೂ ಮುಟ್ಟಿದರೆ ಆ ಕೋಶಗಳು ಸಿಡಿಯಬಲ್ಲವು. ಮಕ್ಕಳು ಬಣ್ಣ ನೋಡಿ ಕೈಯಲ್ಲಿ ಎತ್ತಿಕೊಳ್ಳುವುದು, ಬರಿಗಾಲಲ್ಲಿ ತುಳಿಯುವುದು ಹೆಚ್ಚು.

ಕುಟುಕಿದರೆ ಹೀಗೆ ಮಾಡಿ:

- ನೀರಿನಿಂದ ಹೊರಗೆ ಬನ್ನಿ, ಆ ಜಾಗವನ್ನು ಸಮುದ್ರದ ನೀರಿನಿಂದಲೇ ತೊಳೆಯಿರಿ.
- ಅಂಟಿದ ಎಳೆಗಳನ್ನು ಚಿಮಟದಿಂದ ಅಥವಾ ಕೈಗೆ ದಪ್ಪ ಪ್ಲಾಸ್ಟಿಕ್ ಸುತ್ತಿಕೊಂಡು ತೆಗೆಯಿರಿ. ಮರಳು, ಬಟ್ಟೆ ಹಾಕಿ ತಿಕ್ಕಬೇಡಿ.
- ಚರ್ಮ ಸುಡದಷ್ಟು, ತಡೆದುಕೊಳ್ಳುವಷ್ಟು ಬಿಸಿಯಾದ ನೀರಿನಲ್ಲಿ (ಸುಮಾರು 45 ಡಿಗ್ರಿ ಸೆಲ್ಸಿಯಸ್) 20 ನಿಮಿಷ ಇಡಿ. ಬಿಸಿ ಎಷ್ಟಿದೆ ಎಂದು ಮೊದಲು ಬೇರೆಯವರು ಕೈಯಿಟ್ಟು ನೋಡಲಿ.
- ಮೂತ್ರ ಬೇಡ. ಅದರಿಂದ ಲಾಭವಿಲ್ಲ, ಉಳಿದ ವಿಷಕೋಶಗಳು ಸಿಡಿಯುವ ಸಾಧ್ಯತೆ ಇದೆ.
- ಉಸಿರಾಟಕ್ಕೆ ತೊಂದರೆ, ಎದೆ ನೋವು, ಮುಖ ಊತ, ತಲೆಸುತ್ತು ಇದ್ದರೆ ಅಥವಾ ಕುಟುಕು ಮೈಯ ತುಂಬ ಇದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ.

ಕದಡಿದ ನೀರಿನಲ್ಲಿ ತೊರಕೆ ಮೀನೂ ಮರಳಿನಲ್ಲಿ ಹುದುಗಿರಬಹುದು. ಅದರ ಬಾಲದ ಮುಳ್ಳು ಚುಚ್ಚಿದರೂ ಬಿಸಿನೀರಿನಲ್ಲಿ ಅದ್ದುವುದರಿಂದ ನೋವು ತಗ್ಗುತ್ತದೆ. ಆದರೆ ಮುಳ್ಳು ಒಳಗೆ ಮುರಿದು ಉಳಿಯಬಹುದು, ಆದ್ದರಿಂದ ವೈದ್ಯರಿಗೆ ತೋರಿಸಲೇಬೇಕು.

7. "ರಾತ್ರಿ ಕಡಲು ನೀಲಿಯಾಗಿ ಹೊಳೆದರೆ ಅದು ರಾಸಾಯನಿಕ, ದಡಕ್ಕೆ ಬಿದ್ದ ಆಮೆಯನ್ನು ಕೂಡಲೇ ನೀರಿಗೆ ತಳ್ಳಿ"

ನಮ್ಮ ಉತ್ತರ: ಎರಡೂ ತಪ್ಪು.

ನೀಲಿ ಹೊಳಪು ಮಾಡುವುದು ನಾಕ್ಟಿಲುಕಾ ಎಂಬ ಏಕಕೋಶ ಜೀವಿ. ಒಂದೊಂದೂ ಸಾಸಿವೆ ಕಾಳಿಗಿಂತ ಚಿಕ್ಕದು. ಅಲೆ ಒಡೆದಾಗ, ದೋಣಿ ಸಾಗಿದಾಗ, ಕಾಲು ಇಟ್ಟಾಗ ನೀರು ಕದಡಿ ಇವು ಮಿನುಗುತ್ತವೆ. 2020ರ ನವೆಂಬರ್‌ನಲ್ಲಿ ಉಡುಪಿಯ ಕಡಲತೀರಗಳಲ್ಲಿ ಇದನ್ನು ನೋಡಲು ಜನ ಸೇರಿದ್ದರು. ಇದು ಯಾರೋ ಸುರಿದ ಬಣ್ಣವಲ್ಲ. ಆದರೆ ಬಹಳ ದಟ್ಟವಾಗಿ ಬೆಳೆದರೆ ನೀರಿನ ಆಮ್ಲಜನಕ ಕುಸಿದು ಮೀನುಗಳಿಗೆ ತೊಂದರೆಯಾಗುತ್ತದೆ. ದಡದಲ್ಲಿ ನಿಂತು ನೋಡಿ ಸಂತೋಷಪಡಿ. ಕತ್ತಲಲ್ಲಿ ನೀರಿಗಿಳಿಯಬೇಡಿ.

ಇನ್ನು ಆಮೆ, ಡಾಲ್ಫಿನ್ ವಿಷಯ. ದೊಡ್ಡ ಅಲೆಗಳ ನಂತರ ದಣಿದ, ಗಾಯಗೊಂಡ, ಬಲೆಗೆ ಸಿಕ್ಕಿದ ಪ್ರಾಣಿಗಳು ದಡಕ್ಕೆ ಬರುವುದುಂಟು. ಕಾಯಿಲೆಯ ಪ್ರಾಣಿಯನ್ನು ಅಲೆಗೆ ತಳ್ಳಿದರೆ ಅದು ಮುಳುಗಿ ಸಾಯಬಹುದು. ಅರಣ್ಯ ಇಲಾಖೆಗೆ, ಲೈಫ್‌ಗಾರ್ಡ್‌ಗೆ ಅಥವಾ 112ಕ್ಕೆ ತಿಳಿಸಿ. ಅವರು ಬರುವ ತನಕ ಜನರನ್ನು, ನಾಯಿಗಳನ್ನು ದೂರವಿಡಿ. ನೆರಳು ಮಾಡಿ, ಒದ್ದೆ ಬಟ್ಟೆ ಹೊದಿಸಿ. ಡಾಲ್ಫಿನ್ ತಲೆಯ ಮೇಲಿನ ಉಸಿರಿನ ರಂಧ್ರಕ್ಕೆ ನೀರು ಹೋಗದಂತೆ, ಬಟ್ಟೆ ಮುಚ್ಚದಂತೆ ನೋಡಿಕೊಳ್ಳಿ. ಅದರ ಜೊತೆ ಸೆಲ್ಫಿ ಬೇಡ. ಡಾಲ್ಫಿನ್‌ಗಳಿಗೂ ಕಡಲಾಮೆಗಳಿಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಗರಿಷ್ಠ ರಕ್ಷಣೆ ಇದೆ. ಇವನ್ನು ಹಿಡಿಯುವುದು, ಹಿಂಸಿಸುವುದು ಅಪರಾಧ.

8. "ಬಿರುಗಾಳಿ ಎಚ್ಚರಿಕೆ ಬಂತು, ಡೈವ್ ಮುಗಿಸಿ ಸಂಜೆಯೇ ಘಾಟಿ ಹತ್ತಿ ಊರು ಸೇರಿಬಿಡೋಣ"

ನಮ್ಮ ಉತ್ತರ: ಇದು ಬೆಳಗಾವಿಯವರು ಮುಖ್ಯವಾಗಿ ತಿಳಿಯಬೇಕಾದ ವಿಷಯ.

ಡೈವ್ ಮಾಡುವಾಗ ಒತ್ತಡದಿಂದಾಗಿ ಹೆಚ್ಚುವರಿ ನೈಟ್ರೋಜನ್ ರಕ್ತ ಮತ್ತು ಅಂಗಾಂಶಗಳಲ್ಲಿ ಕರಗುತ್ತದೆ. ಮೇಲೆ ಬಂದ ಮೇಲೆ ಅದು ನಿಧಾನವಾಗಿ ಉಸಿರಿನ ಮೂಲಕ ಹೊರಹೋಗಬೇಕು. ಅಷ್ಟರೊಳಗೆ ಎತ್ತರದ ಜಾಗಕ್ಕೆ ಹೋದರೆ, ಅಲ್ಲಿ ವಾಯುಭಾರ ಕಡಿಮೆ ಇರುವುದರಿಂದ ಅದು ಗುಳ್ಳೆಗಳಾಗಿ ಕೀಲುನೋವು, ಜೋಮು, ತಲೆಸುತ್ತು, ಕೆಲವೊಮ್ಮೆ ಪಾರ್ಶ್ವವಾಯುವಿನಂಥ ತೊಂದರೆ ತರಬಹುದು. ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಗುಳ್ಳೆ ಏಳುವಂತೆಯೇ ಇದು. ಡೈವ್ ನಂತರ ವಿಮಾನ ಹತ್ತಬೇಡಿ ಎನ್ನುವುದು ಇದಕ್ಕೇ.

ವಿಮಾನವಷ್ಟೇ ಅಲ್ಲ, ಗುಡ್ಡವೂ ಎತ್ತರವೇ. ಡೈವರ್‌ಗಳ ಸುರಕ್ಷತೆಗಾಗಿ ಕೆಲಸ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನ ಸಲಹೆ ಸುಮಾರು 600 ಮೀಟರ್ ಎತ್ತರದಿಂದಲೇ ಅನ್ವಯಿಸುತ್ತದೆ. ಬೆಳಗಾವಿ ಇರುವುದು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲೆ. ಒಂದೇ ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಮಾಡಿದ್ದರೆ ಅಥವಾ ಹಲವು ದಿನ ಮಾಡಿದ್ದರೆ ಕನಿಷ್ಠ 18 ಗಂಟೆ ಕಾಯಬೇಕೆಂಬುದು ಆ ಸಲಹೆ. ಐದಾರು ಮೀಟರ್ ಆಳದಲ್ಲಿ ಸ್ವಲ್ಪ ಹೊತ್ತು ಇದ್ದು ಬಂದವರಿಗೆ ಅಪಾಯ ಕಡಿಮೆ, ನಿಜ. ಆದರೂ ಡೈವ್ ಮಾಡಿದ ರಾತ್ರಿ ಕೆಳಗೇ ತಂಗಿ, ಮರುದಿನ ಘಾಟಿ ಹತ್ತುವಂತೆ ಪ್ರವಾಸ ಹಾಕಿಕೊಂಡರೆ ಚಿಂತೆಯೇ ಇಲ್ಲ. ಬಿರುಗಾಳಿಯ ಮುನ್ಸೂಚನೆ ಇದ್ದು ಅಂದೇ ಊರಿಗೆ ಮರಳಬೇಕು ಎಂದಾದರೆ ಬಿಡಬೇಕಾದದ್ದು ಡೈವ್.

ಹಾಗಾದರೆ ಯಾವಾಗ ಹೋಗಬೇಕು?

ಕರ್ನಾಟಕದಲ್ಲಿ ಸ್ಕೂಬಾಗೆ ಹೆಸರಾದ ಜಾಗ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪ. ಅಲ್ಲಿಗೆ ದೋಣಿಯಲ್ಲೇ ಹೋಗಬೇಕು. ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಮೇವರೆಗೆ ಡೈವಿಂಗ್ ನಡೆಯುತ್ತದೆ, ಮಳೆಗಾಲದಲ್ಲಿ ನಿಲ್ಲುತ್ತದೆ. ಹವಾಮಾನ ಹೆಚ್ಚು ಸ್ಥಿರವಾಗಿರುವುದು ಡಿಸೆಂಬರ್‌ನಿಂದ ಫೆಬ್ರುವರಿವರೆಗೆ.

ಒಂದು ವಿಷಯ ನೆನಪಿಡಿ. ಅರಬ್ಬಿ ಸಮುದ್ರದ ಚಂಡಮಾರುತಗಳು ನಡು ಮಳೆಗಾಲಕ್ಕಿಂತ ಅದರ ಎರಡು ಅಂಚುಗಳಲ್ಲಿ ಹೆಚ್ಚು: ಮುಂಗಾರಿಗೆ ಮೊದಲು ಮೇ, ಜೂನ್, ಮುಂಗಾರು ಮುಗಿದ ಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್. 'ತೌಕ್ತೆ' ಬಂದದ್ದು 2021ರ ಮೇ ತಿಂಗಳಲ್ಲಿ, 'ಬಿಪರ್‌ಜಾಯ್' 2023ರ ಜೂನ್‌ನಲ್ಲಿ. ಅಂದರೆ ಬೇಸಿಗೆ ರಜೆ, ದಸರಾ, ದೀಪಾವಳಿ ರಜೆ ಇರುವ ಕಾಲದಲ್ಲೇ. ಹಾಗಾಗಿ ರಜೆ ಗೊತ್ತುಮಾಡಿದ ಮೇಲೂ ಹೊರಡುವ ಹಿಂದಿನ ದಿನ ಎಚ್ಚರಿಕೆಗಳನ್ನು ನೋಡಬೇಕು.

ಇನ್ನೊಂದು ಸರಳ ಗುರುತು: ಪಶ್ಚಿಮ ತೀರದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಇದು ಮುಖ್ಯವಾಗಿ ಮೀನಿನ ಸಂತತಿ ಉಳಿಸಲು. ಮೀನುಗಾರರ ಜೀವಕ್ಕೂ ಒಳ್ಳೆಯದು. ಕಡಲಲ್ಲೇ ಬದುಕಿದ ಮೀನುಗಾರರು ದೋಣಿ ಎಳೆದು ದಡಕ್ಕಿಟ್ಟ ದಿನ ಪ್ರವಾಸಿಗರಿಗೆ ನೀರಿನಲ್ಲಿ ಕೆಲಸವಿಲ್ಲ.

ಹೊರಡುವ ಮುನ್ನ ಏನು ನೋಡಬೇಕು?

- ಜಿಲ್ಲೆ ಸರಿಯಾಗಿ ನೋಡಿ. ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳು ಜಿಲ್ಲೆವಾರು ಇರುತ್ತವೆ. ಬೆಳಗಾವಿಗೆ ಹಸಿರು ಇದ್ದ ದಿನವೇ ಉತ್ತರ ಕನ್ನಡ, ಗೋವಾ, ಸಿಂಧುದುರ್ಗಕ್ಕೆ ಕಿತ್ತಳೆ ಇರಬಹುದು.
- ಸಮುದ್ರದ ಎಚ್ಚರಿಕೆ ಬೇರೆಯೇ ಇದೆ. ಹೈದರಾಬಾದ್‌ನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ ಇಂಕಾಯ್ಸ್, ಎತ್ತರದ ಅಲೆ ಮತ್ತು ಸ್ವೆಲ್ ಉಕ್ಕಿನ ಎಚ್ಚರಿಕೆ ಕೊಡುತ್ತದೆ. ಅಲೆಯ ಎತ್ತರದ ಜೊತೆಗೆ ಎಷ್ಟು ಸೆಕೆಂಡಿಗೊಂದು ಅಲೆ ಎಂಬುದನ್ನೂ ನೋಡಿ. ಎತ್ತರ ಕಡಿಮೆ ಇದ್ದರೂ 12 ಸೆಕೆಂಡ್ ಮೀರಿದರೆ ಎಚ್ಚರ.
- ಬಂದರಿನ ಸಿಗ್ನಲ್ ಸಂಖ್ಯೆ. ಬಂದರುಗಳಲ್ಲಿ 1ರಿಂದ 11ರವರೆಗೆ ಎಚ್ಚರಿಕೆ ಸಂಕೇತ ಏರಿಸುತ್ತಾರೆ. 1 ಮತ್ತು 2 ಎಂದರೆ ಗಾಳಿ ದೂರದ ಸಮುದ್ರದಲ್ಲಿದೆ. 3ರಿಂದ ಮೇಲೆ ಎಂದರೆ ಆ ಬಂದರಿಗೇ ತೊಂದರೆ ಸಾಧ್ಯ. 'ದೂರ' ಎಂದರೂ ಸ್ವೆಲ್ ಬರುತ್ತದೆ ಎಂಬುದನ್ನು ಮರೆಯಬೇಡಿ.
- ಬಾವುಟ. ಕೆಂಪು ಬಾವುಟ ಇದ್ದರೆ ನೀರಿಗಿಳಿಯುವಂತಿಲ್ಲ. ಕೆಂಪು-ಹಳದಿ ಬಾವುಟಗಳ ನಡುವಿನ ಜಾಗದಲ್ಲಿ ಲೈಫ್‌ಗಾರ್ಡ್ ಕಾವಲಿರುತ್ತದೆ.
- ಗುಡುಗು. ಏಪ್ರಿಲ್, ಮೇ ಸಂಜೆಗಳಲ್ಲಿ ಗುಡುಗು ಮಳೆ ದಿಢೀರ್ ಏಳುತ್ತದೆ. ಗುಡುಗು ಕೇಳಿಸಿದರೆ ನೀರಿನಿಂದ, ಬಯಲಿನ ಮರಳಿನಿಂದ ಹೊರಬಂದು ಕಟ್ಟಡ ಅಥವಾ ಕಾರಿನೊಳಗೆ ಹೋಗಿ. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ.
- ಡೈವಿಂಗ್‌ನವರನ್ನು ಕೇಳಿ. ಜೊತೆಗೆ ಬರುವ ತರಬೇತುದಾರರಿಗೆ ಪ್ರಮಾಣಪತ್ರ ಇದೆಯೇ? ದೋಣಿಯಲ್ಲಿ ಎಲ್ಲರಿಗೂ ಲೈಫ್ ಜಾಕೆಟ್, ತುರ್ತಿಗೆ ಆಮ್ಲಜನಕ ಇದೆಯೇ? ಹವಾಮಾನ ಕೆಟ್ಟರೆ ಹಣ ವಾಪಸ್ ಕೊಡುತ್ತೀರಾ? ಕೊನೆಯ ಪ್ರಶ್ನೆ ಮುಖ್ಯ. 'ದುಡ್ಡು ಕೊಟ್ಟಾಗಿದೆ' ಎಂಬ ಒಂದೇ ಕಾರಣಕ್ಕೆ ಜನ ಹೋಗಬಾರದ ದಿನ ಹೋಗುತ್ತಾರೆ.

ಫಾರ್ವರ್ಡ್ ಮಾಡಲು

ಪೂರ್ತಿ ಲೇಖನ ಓದಲು ಪುರುಸೊತ್ತಿಲ್ಲದವರಿಗೆ ಇಷ್ಟನ್ನು ಕಳಿಸಿ:

*ಸಮುದ್ರಕ್ಕೆ ಹೊರಟಿದ್ದೀರಾ? ಬೆಳಗಾವಿಯ ಆಕಾಶ ನೋಡಿ ಹೊರಡಬೇಡಿ, ಹೋಗುವ ಊರಿನ ಅಲೆಯ ಎಚ್ಚರಿಕೆ ನೋಡಿ. ನೊರೆಗಳ ನಡುವಿನ ಶಾಂತ ನೀರೇ ಸೆಳೆತದ ಜಾಗ. ಸೆಳೆತಕ್ಕೆ ಸಿಕ್ಕರೆ ತೇಲಿ, ಕೈ ಎತ್ತಿ, ಪಕ್ಕಕ್ಕೆ ಈಜಿ. ನೀಲಿ ಬಲೂನಿನಂಥ ಜೀವಿ ಸತ್ತಿದ್ದರೂ ಮುಟ್ಟಬೇಡಿ. ಡೈವ್ ಮಾಡಿದ ದಿನವೇ ಘಾಟಿ ಹತ್ತಬೇಡಿ. ತುರ್ತಿಗೆ 112, ಸಮುದ್ರದಲ್ಲಿ ಸಿಕ್ಕಿಬಿದ್ದರೆ ಕರಾವಳಿ ಕಾವಲು ಪಡೆ 1554.*

ನಿಮ್ಮ ಕಾಲೇಜು, ಕಚೇರಿ, ಓಣಿಯ ಗುಂಪಿನಲ್ಲಿ ಯಾರಾದರೂ ಈ ವಾರ ಘಾಟಿ ಇಳಿಯುವವರಿದ್ದರೆ ಮೊದಲು ಅವರಿಗೆ ಕಳಿಸಿ.